ಬಾಗಿಲ ಹಿಂದೆ ಸಾಯುವ ಗರಿಫಲಿಯಾ

ಬಿಸಿಲು ಇನ್ನೂ ಬಯಲು ರಂಗಮಂದಿರದ ಕಲ್ಲಿನ ಮೆಟ್ಟಿಲುಗಳ ತುದಿಸಾಲನ್ನಷ್ಟೇ ಮುಟ್ಟಿದೆ. ಕೆಳಗೆ, ರಂಗದ ಅರಮನೆ ಬಾಗಿಲ ಹಿಂದೆ, ಗರಿಫಲಿಯಾ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು, ಬಿಸಿನೀರು ಗುಟುಕರಿಸಿ, ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾರೆ. ಇನ್ನೇನು ಅವರು ಸಾಯಬೇಕು. ಇವತ್ತು ಸರಿಯಾಗಿ ಸಾಯದಿದ್ದರೆ ಈ ಬೇಸಿಗೆಯಿಂದ ಅವರ ಜಾಗಕ್ಕೆ ಯಂತ್ರ ಬರುತ್ತದೆ.

ನಮ್ಮ ಗ್ರೀಕರ ಹಳೆಯ ದುರಂತ ನಾಟಕಗಳಲ್ಲಿ ಕೊಲೆ ಜನರ ಕಣ್ಣೆದುರು ನಡೆಯುವುದಿಲ್ಲ. ಈ ನಾಟಕದಲ್ಲೂ ಮಗ ಕತ್ತಿ ಹಿಡಿದು ಒಳಹೋಗುತ್ತಾನೆ, ಬಾಗಿಲು ಮುಚ್ಚುತ್ತದೆ, ಒಳಗಿನಿಂದ ಅವನ ತಾಯಿ ರಾಣಿಯ ಕೂಗು ಕೇಳುತ್ತದೆ. ಆಮೇಲೆ ಬರುವುದು ಹೆಣ. ರಾಣಿಯ ಪಾತ್ರಕ್ಕೆ ನಮ್ಮೂರಿಗೆ ಪ್ರತಿವರ್ಷ ಅಥೆನ್ಸಿನಿಂದ ಹೊಸ ನಟಿ ಬರುತ್ತಾರೆ. ಸಾವು ಮಾತ್ರ ಇಪ್ಪತ್ತು ಚಿಲ್ಲರೆ ವರ್ಷಗಳಿಂದ ಬಟ್ಟೆ ಇಸ್ತ್ರಿ ಮಾಡುವ ಈ ಹೆಂಗಸಿನದೇ. ಹಿಂದೊಮ್ಮೆ ನಟಿಯೊಬ್ಬರು ಗಂಟಲು ಹಾಳಾದೀತೆಂದು ಹಿಂಜರಿದಾಗ ಪಕ್ಕದಲ್ಲಿದ್ದ ಇವರು ಕೂಗಿಕೊಟ್ಟರು. ಅಂದಿನಿಂದ ಅದು ಇವರ ಪಾಲಿಗೇ ಬಂತು.

"ಮನೇಲಿ ಅಭ್ಯಾಸ ಮಾಡೋದು ಬಿಟ್ಬಿಟ್ಟೆ," ಎಂದು ನಗುತ್ತಾರೆ. "ಪಕ್ಕದ್ಮನೆಗೆ ಫ್ರೊಸೊ ಹೊಸದಾಗಿ ಬಂದಿದ್ಲು. ನಾನು ಕೂಗಿದ್ದು ಕೇಳಿ, ಕರೀ ಬಟ್ಟೆ ಹಾಕ್ಕೊಂಡು, ಸಾವಿನ ಮನೆಗೆ ಒಯ್ಯೋ ಬ್ರಾಂದಿ, ರಸ್ಕು ಎಲ್ಲಾ ಹಿಡ್ಕೊಂಡು ಬಂದೇಬಿಟ್ಲು. ಬಾಗಿಲು ತೆಗೆದಿದ್ದು ನಮ್ಮನೆಯವ್ರೇ!"

ಗಂಡ ಸ್ಟಾಥಿಸ್ ಏನಂದರು?

"'ಸತ್ತೋನಿಗೂ ಒಂದು ಲೋಟ ಹಾಕಮ್ಮ' ಅಂದ್ರು."

ಕಳೆದ ಚಳಿಗಾಲದಲ್ಲಿ ಗರಿಫಲಿಯಾರ ಗಂಟಲಿನ ಗಂಟೊಂದನ್ನು ಕತ್ತರಿಸಿ ತೆಗೆದರು. ವಾರಗಟ್ಟಲೆ ಮಾತಿಲ್ಲ. ಮರಳಿದ ದನಿ ತೆಳ್ಳಗಾಗಿದೆ. "ಸಾಯ್ತೀನಿ ಅಂತ ಹೆದರ್ಲಿಲ್ಲ. ಇನ್ಮೇಲೆ ಇಸ್ತ್ರಿ ಒಂದೇನಾ ಅಂತ ಅತ್ಬಿಟ್ಟೆ," ಎನ್ನುತ್ತಾರೆ.

ನಿರ್ದೇಶಕ ಆರ್ಗಿರಿಸ್ ಕೆಟ್ಟವರಲ್ಲ. ಹಿಂದಿನ ಬೇಸಿಗೆಯ ಕೂಗನ್ನು ಅವರು ಧ್ವನಿಮುದ್ರಿಸಿ ಇಟ್ಟುಕೊಂಡಿದ್ದಾರೆ. "ನಿಮ್ದೇ ದನಿ ಅಲ್ವಾ ಅಕ್ಕ? ನಿಮ್ಗೆ ತೊಂದ್ರೆ ಆಗ್ಬಾರ್ದು ಅಂತ."

"ನನ್ಮೇಲೆ ನನ್ನನ್ನೇ ಎತ್ತಿಕಟ್ತೀಯೇನೋ!" ಎಂದು ಗರಿಫಲಿಯಾ ಗದರುತ್ತಾರೆ. ಕೊನೆಗೆ ಇವತ್ತಿನ ತಾಲೀಮಿನಲ್ಲಿ ಎರಡನ್ನೂ ಕೇಳಿ ನೋಡುವುದೆಂದು ಒಪ್ಪಂದವಾಗಿದೆ.

ಮೊದಲು ಯಂತ್ರದ ಸರದಿ. ದುಂಡನೆಯ, ತುಂಬಿದ ಕೂಗು ಮೇಲಿನ ಸಾಲಿನವರೆಗೂ ಏರುತ್ತದೆ. ರಂಗದಲ್ಲಿ ನಿಂತ ಮೇಳದ ಹೆಂಗಸರು ರೂಢಿಯಂತೆ ಜನ ಕೂರುವ ಕಡೆಗೇ ಮುಖ ಮಾಡಿ ತಮ್ಮ ಸಾಲು ಹೇಳುತ್ತಾರೆ. ಎಲ್ಲವೂ ಸರಿಯಾಗಿದೆ.

ಆಮೇಲೆ ಗರಿಫಲಿಯಾ. ಕೂಗು ಜೋರಾಗಿಯೇ ಏಳುತ್ತದೆ, ನಡುವೆ ಬಿರಿಯುತ್ತದೆ, ಕೊನೆಗೆ ಬರೀ ಉಸಿರಾಗಿ ನಿಲ್ಲುತ್ತದೆ. ಮೇಲಿನ ಸಾಲಿಗೆ ಅದು ತಲುಪಿತೋ ಇಲ್ಲವೋ, ನನಗೆ ತಿಳಿಯದು. ಆದರೆ ಬಾಗಿಲಿನತ್ತ ತಿರುಗಲೇಬಾರದೆಂದು ಕಲಿತ ಮೇಳದವರೆಲ್ಲ ತಿರುಗಿಬಿಟ್ಟಿದ್ದಾರೆ. ಹೇಳಬೇಕಾದ ಸಾಲು ಯಾರಿಗೂ ನೆನಪಿಲ್ಲ. ಹಿರಿಯಾಕೆಯೊಬ್ಬರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ. ನನಗೂ ಕಣ್ಣು ಮಂಜಾಗಿದೆ.

ಗರಿಫಲಿಯಾ ಬಾಗಿಲ ಸಂದಿಯಿಂದ ತಲೆ ಹಾಕುತ್ತಾರೆ. "ಒಡೆದೋಯ್ತು ಕಣೋ ಆರ್ಗಿರಿ. ಇನ್ನೊಂದ್ಸಲ ಕೂಗ್ಲಾ?"

"ಬೇಡಕ್ಕ, ಸತ್ತಾಯ್ತಲ್ಲ," ಎನ್ನುತ್ತಾರೆ ಆರ್ಗಿರಿಸ್. ಯಂತ್ರದ ತಂತಿಯನ್ನು ತಾವೇ ಸುತ್ತತೊಡಗುತ್ತಾರೆ.

ಗರಿಫಲಿಯಾ ಮತ್ತೆ ಇಸ್ತ್ರಿಗೆ ಕೂರುತ್ತಾರೆ. ನಾಟಕದ ಕರಪತ್ರದಲ್ಲಿ ಇವರ ಹೆಸರು ಒಮ್ಮೆಯೂ ಬಂದಿಲ್ಲ. ಈ ಸಲವಾದರೂ ಹಾಕಿಸಬಾರದೇ ಎಂದು ಕೇಳುತ್ತೇನೆ.

"ಬೇಡಪ್ಪ," ಎನ್ನುತ್ತಾರೆ, ರಾಣಿಯ ಉಡುಪಿನ ತೋಳಿನ ಸುಕ್ಕು ಬಿಡಿಸುತ್ತ. "ಹೆಸ್ರು ಓದ್ಕೊಂಡು ಬಂದೋರಿಗೆ ಗರಿಫಲಿಯಾ ಕೂಗಿದ್ದು ಕೇಳ್ಸುತ್ತೆ. ಆ ತಾಯಿ ಸತ್ತಿದ್ದು ಕೇಳ್ಸಲ್ಲ."