ಸೀಸದ ಅಕ್ಕ, ಸೂಜಿಯ ತಂಗಿ

ಬ್ಯಾಟರಿ ಶೆಡ್ಡಿನಲ್ಲಿ ಅವಳನ್ನು ಎಲ್ಲರೂ ಕಿಡಿಯಕ್ಕ ಎನ್ನುತ್ತಿದ್ದರು. ಮೇಸ್ತ್ರಿ ಒಂದು ಮಾತು ಹೆಚ್ಚು ಆಡಿದರೆ ಇವಳು ನಾಲ್ಕು ಆಡುತ್ತಿದ್ದಳು. ಗೇಟಿನ ಮುಂದೆ ನಾವು ಸಂಘದವರು ಧರಣಿ ಕೂತಾಗ ಮೊದಲು ಬಂದು ಕೂತವಳು, ಕೊನೆಗೆ ಎದ್ದವಳು. ಆದರೆ ಮಾಲೀಕನ ಮೇಲಿನ ಸಿಟ್ಟಿಗಿಂತ ಹಳೆಯ ಬೆಂಕಿಯೊಂದು ಅವಳ ಹೊಟ್ಟೆಯಲ್ಲಿತ್ತು. ಅದು ತಂಗಿಯ ಮೇಲಿನ ಹೊಟ್ಟೆಕಿಚ್ಚು.

ತಂಗಿ ಎಂದರೆ ಅವಳಿ ತಂಗಿ. ಒಂದೇ ಮೂಗು, ಒಂದೇ ಗಂಟಲು, ನಕ್ಕರೆ ಗುಳಿ ಬೀಳುವುದೂ ಒಂದೇ ಕೆನ್ನೆಗೆ. ಹೆತ್ತವಳಿಗೇ ಗುರುತು ಸಿಗದೆ ತಂಗಿಯ ಕಾಲಿಗೆ ದಾರ ಕಟ್ಟಿದ್ದಳಂತೆ. "ಆ ದಾರ ಕೂಡ ಅವಳಿಗೇ ಬಂತು ನೋಡಿ," ಎಂದು ಕಿಡಿಯಕ್ಕ ಐವತ್ತು ದಾಟಿದ ಮೇಲೂ ಗೊಣಗುತ್ತಿದ್ದಳು.

ಚಿಕ್ಕಂದಿನಲ್ಲಿ ಕಲ್ಲಾಟದಲ್ಲಿ ಸೋತರೆ ಇವಳು ಊಟ ಬಿಡುತ್ತಿದ್ದಳು. ಮನೆಯ ಪಾತ್ರೆಗಳು ಹಾರುತ್ತಿದ್ದವು. ತಾಯಿ ಬೇಸತ್ತು ಚಿಕ್ಕವಳನ್ನು ಮೂಲೆಗೆ ಕರೆದು, "ಸೋತುಬಿಡೇ ನನ್ನವ್ವ, ನಿನ್ನ ಗಂಟೇನು ಹೋಗುತ್ತೆ?" ಎಂದಳು. ಚಿಕ್ಕವಳು ಸೋಲತೊಡಗಿದಳು. ಆಟದಲ್ಲಿ, ಓಟದಲ್ಲಿ, ಒಗಟಿನಲ್ಲಿ. ಬೇಕೆಂದೇ ಸೋಲುವಾಗಲೆಲ್ಲ ಎಡ ಕಿವಿಯನ್ನು ಜಗ್ಗಿಕೊಳ್ಳುತ್ತಿದ್ದಳು. ಸುಳ್ಳಿಗೆ ಮೈ ಒಗ್ಗದವರಿಗೆ ಹೀಗೊಂದು ಚಾಳಿ ಇರುತ್ತದೆ. ಅಕ್ಕ ಅದನ್ನು ಯೋಚನೆ ಮಾಡುವ ಚಾಳಿ ಎಂದುಕೊಂಡಿದ್ದಳು.

ತಂಗಿ ಸೋಲದೆ ಹೋದದ್ದು ಒಂದೇ ಸಲ. ದರ್ಜಿ ಅಂಗಡಿಗೆ ಒಬ್ಬ ಹುಡುಗಿ ಬೇಕಿತ್ತು. ಇಬ್ಬರೂ ಹೋದರು. ದರ್ಜಿ ಒಂದೊಂದು ಚಿಂದಿ ಕೊಟ್ಟು ಗುಂಡಿಯ ಕಾಜಾ ಹೊಲಿಸಿದ. ಸೂಜಿ ಕೈಗೆ ಬಂದಾಗ ತಂಗಿಗೆ ಸೋಲುವುದು ಮರೆತೇ ಹೋಯಿತು. "ನಾಳೆಯಿಂದ ನೀನು ಬಾಮ್ಮ," ಎಂದ ದರ್ಜಿ. ಅಕ್ಕ ತನ್ನ ಚಿಂದಿಯನ್ನು ಅವನ ಮೇಜಿನ ಮೇಲೆ ಬಿಸಾಡಿ, "ನಿನ್ನ ಸೂಜಿಗಿಷ್ಟು ಬೆಂಕಿ ಹಾಕ," ಎಂದು ಹೊರಬಂದಳು. ಅದೇ ವಾರ ಬ್ಯಾಟರಿ ಶೆಡ್ಡಿಗೆ ಸೇರಿದಳು. ಅಲ್ಲಿ ಕೂಲಿ ಜಾಸ್ತಿ. ತಂಗಿಯ ಮುಂದೆ ಮೆರೆಯಲು ಅಷ್ಟು ಸಾಕಿತ್ತು.

ಶೆಡ್ಡಿನಲ್ಲಿ ಅವಳ ಕೆಲಸ ಸೀಸದ ಜಾಲರಿಗಳಿಗೆ ಸೀಸದ ಪುಡಿ ಕಲಸಿದ ಲೇಪವನ್ನು ಒತ್ತುವುದು, ಒಣಗಿದ ಮೇಲೆ ತಟ್ಟಿ ಜೋಡಿಸುವುದು. ತಟ್ಟಿದಾಗಲೆಲ್ಲ ದೂಳು. ಸಂಜೆ ಅದನ್ನೇ ಒಣ ಪೊರಕೆಯಲ್ಲಿ ಗುಡಿಸುವುದು. ಊಟ ಅದೇ ಬೆಂಚಿನ ಮೇಲೆ, ಕೈ ಒರೆಸುವುದು ಅದೇ ಅಂಗಿಗೆ. ಆ ಪುಡಿ ನಾಲಿಗೆಗೆ ತುಸು ಸಿಹಿ. "ನಮ್ಮ ಶೆಡ್ಡಲ್ಲಿ ಚಹಾಕ್ಕೆ ಸಕ್ಕರೆ ಪುಕ್ಕಟೆ ಕಣ್ರೇ," ಎಂದು ಹೆಂಗಸರು ನಗುತ್ತಿದ್ದರು.

ಹೊಟ್ಟೆ ಹಿಂಡುವುದು, ತಲೆನೋವು ಮೊದಲಿಂದಲೂ ಇತ್ತು. ಅದನ್ನು ಯಾರೂ ಕಾಯಿಲೆ ಎನ್ನುತ್ತಿರಲಿಲ್ಲ. ಮುಟ್ಟು ನಿಂತ ಮೇಲೆ ನಿಜವಾದ ಗ್ರಹಚಾರ ಶುರುವಾಯಿತು. ಬಲಗೈ ಮಣಿಕಟ್ಟು ಬಾಗಿ ಜೋತುಬಿತ್ತು. ಒಲೆ ಹಚ್ಚಿ ಮರೆತಳು, ಮೊಮ್ಮಗಳನ್ನು ಮಗಳ ಹೆಸರಿನಿಂದ ಕರೆದಳು, ದಿನಾ ಇಳಿಯುವ ಬಸ್ ಸ್ಟಾಪ್ ದಾಟಿ ಹೋದಳು. ಮರೆತದ್ದಕ್ಕಿಂತ ಹೆಚ್ಚು ಸುಟ್ಟದ್ದು ತಂಗಿಗೆ ಏನೂ ಮರೆಯದಿದ್ದದ್ದು. ತಂಗಿಯ ಹೊಲಿಗೆ ಅಂಗಡಿಯ ಮುಂದೆ ನಿಂತು, ಆಕೆ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವುದನ್ನು ನೋಡಿ, ಒಳಗೆ ಹೋಗದೆ ವಾಪಸು ಬರುತ್ತಿದ್ದಳು. "ನನ್ನ ಮುಖಾನೇ ಹೊತ್ಕೊಂಡು ಅಲ್ಲಿ ಆರಾಮಾಗಿ ಕೂತಿದ್ದಾಳೆ. ನೋಡಿದ್ರೆ ಮೈ ಉರಿಯುತ್ತೆ," ಎನ್ನುತ್ತಿದ್ದಳು.

ಸಂಘದವರು ಆರೋಗ್ಯ ಮಂಡಳಿಗೆ ದೂರು ಕೊಟ್ಟೆವು. ಇದು ಸೀಸದ ಕಾಯಿಲೆ ಎಂದು ಸಾಬೀತಾದರೆ ಚಿಕಿತ್ಸೆ ಕಂಪನಿಯ ತಲೆಗೆ, ಶೆಡ್ಡಿನ ಹೆಂಗಸರೆಲ್ಲರ ರಕ್ತ ಪರೀಕ್ಷೆಯೂ ಆಗಬೇಕು. ಕಂಪನಿ ಸುಮ್ಮನೆ ಕೂರಲಿಲ್ಲ. ಅವಳ ತಾಯಿಗೆ ಕೊನೆಗಾಲದಲ್ಲಿ ಮರೆವು ಬಂದಿತ್ತು ಎಂಬುದನ್ನು ಕೆದಕಿ ತೆಗೆದು, "ಇದು ವಂಶದ ರೋಗ, ಶೆಡ್ಡಿಗೂ ಇದಕ್ಕೂ ಸಂಬಂಧವಿಲ್ಲ," ಎಂದಿತು.

ಮಂಡಳಿಯ ಡಾಕ್ಟರಮ್ಮ ತಲೆಯಿದ್ದವರು. "ತಾಯಿಯಿಂದ ಬಂದದ್ದು ಸ್ವಲ್ಪ ಇದ್ದರೂ ಇರಬಹುದು. ಸೀಸ ಮೂಳೆಗೆ ಸೇರಿಕೊಂಡು ವರ್ಷಗಟ್ಟಲೆ ಅಡಗಿರುತ್ತೆ. ವಯಸ್ಸಾಗಿ ಮೂಳೆ ಸವೆಯುವಾಗ ಮತ್ತೆ ರಕ್ತಕ್ಕಿಳಿದು ಮಿದುಳಿಗೆ ಹೋಗುತ್ತೆ. ಯಾವುದು ಎಷ್ಟು ಅಂತ ಒಬ್ಬರನ್ನೇ ನೋಡಿ ಹೇಳೋದು ಕಷ್ಟ. ಅವಳಿ ತಂಗಿ ಇದ್ದಾರಲ್ಲ? ಒಂದೇ ರಕ್ತ, ಕೆಲಸ ಮಾತ್ರ ಬೇರೆ. ಅವರನ್ನೂ ಕರ್ಕೊಂಡು ಬನ್ನಿ," ಎಂದರು.

ಕಿಡಿಯಕ್ಕ ಹೌಹಾರಿದಳು. "ಅವಳ ಮುಂದೆ ಕೂತು ನಾನು ದಡ್ಡಿ ಅಂತ ರುಜುವಾತು ಮಾಡ್ಬೇಕಾ? ಸತ್ರೂ ಬರಲ್ಲ."

"ಸಾಯೋ ಕೆಲಸ ಸೀಸ ನೋಡ್ಕೊಳ್ಳುತ್ತೆ, ನೀನು ಬರೋ ಕೆಲಸ ನೋಡ್ಕೋ," ಎಂದಳು ಪಕ್ಕದ ಬೆಂಚಿನವಳು. ಅವಳ ಕೈಯೂ ಆಗಲೇ ನಡುಗುತ್ತಿತ್ತು. ಆ ಕೈಯನ್ನು ನೋಡಿಯೇ ಕಿಡಿಯಕ್ಕ ಒಪ್ಪಿದ್ದು.

ಪರೀಕ್ಷೆಯ ಕೋಣೆಯಲ್ಲಿ ಒಂದು ಉದ್ದ ಮೇಜು, ಗೋಡೆಗೊರಗಿದ ಕುರ್ಚಿಗಳು. ಒಂದು ಕಡೆ ಕಂಪನಿಯ ಮ್ಯಾನೇಜರು, ಇನ್ನೊಂದು ಕಡೆ ನಾವು. ಮೊದಲು ಅಕ್ಕನ ಸರದಿ. ಡಾಕ್ಟರಮ್ಮ ಐದು ಪದ ಹೇಳಿ, ಬೇರೆ ಮಾತಾಡಿಸಿ, ಮತ್ತೆ ಕೇಳಿದರು. ಒಂದು ನೆನಪಿತ್ತು. ಗಡಿಯಾರ ಬರೆಯಲು ಹೇಳಿದರೆ ಅಂಕಿಗಳೆಲ್ಲ ಒಂದೇ ಮಗ್ಗುಲಿಗೆ ಗುಂಪುಗೂಡಿದವು. ಅವಳು ಬೆವರೊರೆಸಿಕೊಂಡು ಹಿಂದಿನ ಕುರ್ಚಿಗೆ ಬಂದಳು.

ತಂಗಿ ಮುಂದೆ ಹೋಗಿ ಕೂತಳು. ಅವಳಿಗೆ ಬೇರೆ ಐದು ಪದ. "ಬಾಗಿಲು..." ಎಂದಳು. ಮತ್ತೆ ತಡವರಿಸಿದಳು. "ಉಳಿದದ್ದು ಮರೆತೋಯ್ತು ಡಾಕ್ಟ್ರೇ." ಗಡಿಯಾರದ ಮುಳ್ಳುಗಳನ್ನೂ ಎಲ್ಲೆಲ್ಲೋ ಇಟ್ಟಳು.

ಮ್ಯಾನೇಜರು ಹಲ್ಲು ಕಿರಿದ. "ನೋಡಿದ್ರಾ ಮೇಡಂ? ಇವರು ಶೆಡ್ಡಿನ ಗಾಳಿಯನ್ನೂ ಕುಡಿದಿಲ್ಲ. ರಕ್ತದಲ್ಲೇ ಬಂದಿರೋದು."

ಆ ಗಳಿಗೆಯಲ್ಲಿ ಕಿಡಿಯಕ್ಕನ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ಕೇಸು ಕೈಜಾರುತ್ತಿದೆ, ಇವಳಿಗೆ ಹೊಟ್ಟೆ ತಣ್ಣಗಾಗುತ್ತಿದೆ. ಅವಳಿಗೂ ಮರೆಯಿತಲ್ಲ! ಹೋಗಲಿ, ನಾನೊಬ್ಬಳೇ ಅಲ್ಲ! ಎನ್ನುವಂತಿತ್ತು ಆ ಮುಖ.

ಆಗ ತಂಗಿಯ ಕೈ ಮೇಲೆದ್ದು ಎಡ ಕಿವಿಯನ್ನು ಜಗ್ಗಿತು.

ಕಿಡಿಯಕ್ಕ ಅದನ್ನೇ ನೋಡುತ್ತ ಕೂತಳು. ಅವಳ ತಲೆಯಿಂದ ಏನೇನೋ ಅಳಿಸಿಹೋಗಿತ್ತು, ಚಿಕ್ಕಂದಿನದು ಮಾತ್ರ ಗಟ್ಟಿಯಾಗಿ ಉಳಿದಿತ್ತು. ಕಲ್ಲಾಟ, ಕಿವಿ. ಓಟ, ಕಿವಿ. ಒಗಟು, ಕಿವಿ. ಗೆದ್ದೆನೆಂದು ಬೀಗಿದ್ದೆಲ್ಲ ತಂಗಿ ಹಾಕಿದ ಭಿಕ್ಷೆ.

"ಲೇ!" ಎಂದು ಕಿರುಚಿ ಎದ್ದಳು. ಕುರ್ಚಿ ಬಿತ್ತು. "ಡಾಕ್ಟರಮ್ಮಾ, ಇವಳು ಸುಳ್ಳು ಹೇಳ್ತಿದ್ದಾಳೆ. ಇವಳಿಗೆ ಎಲ್ಲಾ ನೆನಪಿದೆ. ಹುಟ್ಟಿದಾಗಿನಿಂದ ನನಗಿಂತ ಜಾಣೆ ಇವಳು. ನನಗಿಂತ ಚೆನ್ನಾಗಿ ಹೊಲೀತಾಳೆ, ಲೆಕ್ಕ ಮಾಡ್ತಾಳೆ, ಎಲ್ಲಾ ಮಾಡ್ತಾಳೆ. ಬರ್ಕೊಳ್ಳಿ!"

"ಅಕ್ಕಾ, ನಿಂಗೆ ಬೇಜಾರಾಗುತ್ತೆ ಅಂತ..." ತಂಗಿಯ ಕಣ್ಣಲ್ಲಿ ನೀರು.

"ಬೇಜಾರು ಮನೇಲಿ ಮಾಡ್ಕೋತೀನಿ. ಇಲ್ಲಿ ನೀನು ಸೋತ್ರೆ ಶೆಡ್ಡಲ್ಲಿರೋರೆಲ್ಲ ಸೋತ್ರು. ಗೆಲ್ಲೇ ಮುಂಡೇದೇ!"

ಮ್ಯಾನೇಜರು ಆಕ್ಷೇಪಣೆ ಎತ್ತಿದ. ಡಾಕ್ಟರಮ್ಮ ಅವನಿಗೆ ಕೂರಲು ಹೇಳಿ, ಹೊಸ ಪದ, ಹೊಸ ಚಿತ್ರ ಕೊಟ್ಟು ಮೊದಲಿನಿಂದ ನಡೆಸಿದರು. ಈ ಸಲ ತಂಗಿಯ ಕೈ ಕಿವಿಗೆ ಹೋಗಲಿಲ್ಲ. ಪದಗಳು ಒಂದೊಂದಾಗಿ ಹೊರಬಂದವು. ಗಡಿಯಾರವಂತೂ ಗೋಡೆಗೆ ತೂಗುಹಾಕುವಂತಿತ್ತು. ಸುಳ್ಳಾಗಿ ಮರೆಯಬಹುದು, ಸುಳ್ಳಾಗಿ ನೆನಪಿಟ್ಟುಕೊಳ್ಳಲು ಬರುವುದಿಲ್ಲ. ಇಬ್ಬರ ರಕ್ತದ ವರದಿಯೂ ಬಂತು. ತಂಗಿಯ ರಕ್ತದಲ್ಲಿ ಸೀಸ ಇಲ್ಲವೆನ್ನುವಷ್ಟು ಕಡಿಮೆ, ಅಕ್ಕನದರಲ್ಲಿ ತುಂಬಿ ತುಳುಕುತ್ತಿತ್ತು. ವಂಶದ ಮಾತು ಅಲ್ಲಿಗೆ ಬಿದ್ದುಹೋಯಿತು. ಚಿಕಿತ್ಸೆ ಕಂಪನಿಯ ಹೆಗಲಿಗೆ ಬಿತ್ತು. ಶೆಡ್ಡಿನವರೆಲ್ಲ ರಕ್ತ ಕೊಡಲು ಸಾಲು ನಿಂತರು.

ವರದಿ ಬರುವ ಮುನ್ನ, ಪರೀಕ್ಷೆ ಮುಗಿದ ಸಂಜೆಯೇ, ಬಸ್ ಸ್ಟಾಪಿನಲ್ಲಿ ಅವಳಿಗಳು ಪಕ್ಕಪಕ್ಕ ನಿಂತಿದ್ದರು. "ಇನ್ನೊಂದು ಸಲ ನನಗೋಸ್ಕರ ಸೋತ್ರೆ ಕೆನ್ನೆಗೆ ಬಾರಿಸ್ತೀನಿ," ಎಂದಳು ಅಕ್ಕ.

ತಂಗಿ ಆ ಜೋತುಬಿದ್ದ ಕೈಯನ್ನು ನೋಡಿದಳು. "ಯಾವ ಕೈಲಿ?"

"ಎಡಗೈ ಇನ್ನೂ ನಂದೇ ಕಣೇ. ನಡಿ ಮನೆಗೆ. ಕಲ್ಲಾಟ ಆಡೋಣ. ನಿಜವಾಗಿ."

ಆಡಿದರಂತೆ. ಅಕ್ಕ ಎಡಗೈಯಲ್ಲಿ ಆಡಿ ಪ್ರತಿ ಸಲವೂ ಸೋತಳು. ಆಮೇಲೆ ಊಟ ಬಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿದಳು.