ಬಲಗಡೆಯ ಹೂ
ಶಾಗ್ಯದ ಶಿವರುದ್ರಸ್ವಾಮಿ ಪೂಜಾರಿಯ ಪ್ರಕಾರ ಜಗತ್ತಿನಲ್ಲಿ ಆಕಸ್ಮಿಕ ಎಂಬುದೇ ಇಲ್ಲ. ನಮ್ಮಂಥ ವಿಚಾರವಾದಿ ಸಂಘಟನೆಯವರನ್ನು ಕಂಡರೆ ಸಾಕು, ಗುಡಿಯ ಜಗಲಿಯಿಂದಲೇ ಕೆಣಕುತ್ತಾನೆ: "ಕೋತಿ ತಾನಾಗೇ ಮನ್ಸ ಆಯ್ತಂತೆ, ಸೂರ್ಯ ತಾನಾಗೇ ಉರ್ಯಕ್ ಸುರುವಾಯ್ತಂತೆ! ನಿನ್ ಬೈಕು ತಾನಾಗೇ ಆಯ್ತೇನ್ಲಾ? ತಾನಾಗೇ ಒಂದ್ ಎಲೇನೂ ಬೀಳಕಿಲ್ಲ, ಎಲ್ಲಾ ಅವನ ಪಿಲಾನು." ಕೋಟಿಗಟ್ಟಲೆ ವರ್ಷಗಳ ಮಾತೆತ್ತಿದರೆ, "ನೀನ್ ಓಗ್ ನೋಡಿದ್ಯಾ?" ಎಂದು ಎಲೆಅಡಿಕೆ ಉಗಿದು ಬರುತ್ತಾನೆ. ಕರೆಂಟು ಹೋದರೂ ಪಿಲಾನು, ಬಂದರೂ ಪಿಲಾನು. ಹನೂರಿನ ಬಸ್ಸು ತಪ್ಪಿದರೆ ಅದಕ್ಕೂ ಕೈಲಾಸದಲ್ಲಿ ಸಹಿ ಬಿದ್ದಿರುತ್ತದೆ. ದೇವರ ಅಪ್ಪಣೆ ಬೇಕೆಂದು ಬಂದವರಿಗೆ ಹೂ ಕೇಳಿ ಹೇಳುವುದು ಅವನ ಕಸುಬು. ವಿಗ್ರಹದ ಎಡಬಲಕ್ಕೆ ಒದ್ದೆ ಹೂ ಅಂಟಿಸುತ್ತಾನೆ. ಬಲದ್ದು ಮೊದಲು ಬಿದ್ದರೆ ಆಗಲಿ, ಎಡದ್ದು ಬಿದ್ದರೆ ಬೇಡ. ನೀರು ಆರಿದ ಹೂ ಬೀಳುತ್ತದೆ ಅಷ್ಟೇ ಎಂದು ನಾನು ಎಷ್ಟೋ ಸಲ ಜಗಳವಾಡಿದ್ದೇನೆ. ಮೊನ್ನೆ ಬಂಡಳ್ಳಿಯ ಮಲ್ಲಿಕಾರ್ಜುನಸ್ವಾಮಿ ಬಂದು, ಪಿಯುಸಿ ಓದುತ್ತಿರುವ ಮಗಳು ಮಧುಶ್ರೀಯನ್ನು ಕಾಲೇಜು ಬಿಡಿಸಿ ಮದುವೆ ಮಾಡಲೇ ಎಂದು ಕೇಳಿದ. ಹುಡುಗಿ ಕಂಬ ಹಿಡಿದು ನಿಂತಿದ್ದಳು, ಕಣ್ಣು ಹೂವಿನ ಮೇಲೆ. ಪೂಜಾರಿ ಎಡದ ಹೂವಿಗೆ ಒಂದೇ ಹನಿ ನೀರು ತಾಗಿಸಿದ. ಬಲದ್ದನ್ನು ಗಟ್ಟಿ ಗಂಧ ಮೆತ್ತಿ ಹೆಬ್ಬೆರಳಿನಿಂದ ಒತ್ತಿದ. ಎಡದ್ದು ಬಿತ್ತು. ಅಪ್ಪ ಮಗಳು ಬಸ್ಸಿಗೆ ಹೋದ ಮೇಲೆ, "ಇದೂ ಅವನ ಪಿಲಾನೇನಪ್ಪಾ?" ಎಂದೆ. ಹೆಬ್ಬೆರಳಿನ ಗಂಧವನ್ನು ಪಂಚೆಗೆ ಒರೆಸಿಕೊಳ್ಳುತ್ತಾ, "ತಾನಾಗೇ ಯಾವ್ದೂ ಬೀಳಕಿಲ್ಲ ಅಂತ ನಿಂಗೆ ದಿನಾ ಏಳ್ತಿಲ್ವೇನ್ಲಾ?" ಎಂದ.