ಡ್ರಿಲ್ ಮಾಸ್ಟ್ರು ಎತ್ತಿದ ಕೈ

ಎದುರಾಳಿ ಹೊಡೆದ ಚೆಂಡು ನೆಟ್ಟಿನ ಮೇಲೆ ನನ್ನ ಕಿರುಬೆರಳನ್ನು ಸವರಿಕೊಂಡು ಹೋಗಿ ಗೆರೆಯಾಚೆ ಬಿತ್ತು. ಬೆರಳು ತಾಗಿದ್ದು ಕಂಡಿದ್ದರೆ ಅಂಕ ನಮಗೆ ಸಿಗುತ್ತಿರಲಿಲ್ಲ, ಆದರೆ ಅಂಪೈರಿಗೆ ಅದು ಕಾಣಲಿಲ್ಲ. ಸೀಟಿ ಊದಿ ಕೊನೆಯ ಅಂಕವನ್ನು ನಮಗೇ ಕೊಟ್ಟುಬಿಟ್ಟರು. ಐವತ್ತರ ದಶಕದಲ್ಲಿ ಮೂಡಬಿದಿರೆಯಲ್ಲಿ ನಡೆದ ಶಾಲಾ ವಾಲಿಬಾಲ್ ಪಂದ್ಯ ಅದು. ಸಿದ್ಧಕಟ್ಟೆ ಕಡೆಯ ನಮ್ಮ ಶಾಲೆಗೆ ಮೊತ್ತಮೊದಲ ಫಲಕ ಬಂದಂತೆಯೇ ಆಯಿತು. ಗೆಳೆಯರು ಕುಣಿಯತೊಡಗಿದರು.

ಚೆಂಡು ತಾಗಿದವನು ತಾನೇ ಕೈ ಎತ್ತಿ ಒಪ್ಪಿಕೊಳ್ಳಬೇಕೆಂಬುದು ನಮ್ಮ ಡ್ರಿಲ್ ಮಾಸ್ಟ್ರ ಕಾನೂನು. ವರ್ಷವಿಡೀ ಅದನ್ನು ನಾನು ಭಕ್ತಿಯಿಂದ ಪಾಲಿಸಿದ್ದೆ. ಫಲಕವಿಲ್ಲದ ದಿನಗಳಲ್ಲಿ ಪಾಲಿಸುವುದು ಸುಲಭ. ಆ ದಿನ ಮಾತ್ರ ನನ್ನ ಎರಡೂ ಕೈಗಳು ಚಡ್ಡಿಯ ಜೇಬಿನಲ್ಲಿ ಆಶ್ರಯ ಪಡೆದವು.

ಆಗ ಗೆರೆಯ ಬದಿಯಲ್ಲಿ ನಿಂತು ಎಲ್ಲವನ್ನೂ ಕಂಡಿದ್ದ ಮಾಸ್ಟ್ರು ತಾವೇ ಬಲಗೈ ಎತ್ತಿದರು.

“ನಿಮ್ಮದೆಂತ ಮಾಸ್ಟ್ರೇ? ನೀವು ಆಟದಲ್ಲಿ ಇಲ್ವಲ್ಲ!” ಎಂದರು ಅಂಪೈರು.

“ಇಲ್ಲಿ ಒಂದು ಕೈ ಏಳ್ಬೇಕಿತ್ತು ಮಾರಾಯ್ರೇ, ಏಳ್ಲಿಲ್ಲ. ಕಲಿಸಿದವ ನಾನಲ್ವಾ? ಹಾಗೆ ನಾನೇ ಎತ್ತಿದೆ.”

ಅವರು ನನ್ನ ಹೆಸರು ಹೇಳಲಿಲ್ಲ, ನನ್ನತ್ತ ನೋಡಲೂ ಇಲ್ಲ. ನನ್ನ ಕೈ ನನ್ನನ್ನು ಕೇಳದೆಯೇ ಮೇಲಕ್ಕೆ ಹೋಯಿತು. ಅಂಕ ರದ್ದಾಯಿತು, ಸರ್ವಿಸ್ ಎದುರಾಳಿ ಮಡಂತ್ಯಾರಿನವರ ಪಾಲಾಯಿತು, ಸ್ವಲ್ಪ ಹೊತ್ತಿನಲ್ಲಿ ಫಲಕವೂ ಅದೇ ದಾರಿ ಹಿಡಿಯಿತು.

ಮರಳುವಾಗ ಬಸ್ಸಿನಲ್ಲಿ ಮಾಸ್ಟ್ರು ನನ್ನನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅವರ ಮೇಲೆ ಸಿಟ್ಟು ಮಾಡಿಕೊಂಡು, ನಾಲ್ಕು ದಿನದಲ್ಲಿ ಎಲ್ಲವನ್ನೂ ಮರೆತುಬಿಡುತ್ತಿದ್ದೆ. ಆ ಸೌಕರ್ಯವನ್ನು ಅವರು ನನಗೆ ಕೊಡಲಿಲ್ಲ.